ಬಿಸಿಲೂರಿಗೆ ಯಾವ ದಿನದ ಲೆನ್ಸ್?

ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆ ಉಳಿಯುವುದಿಲ್ಲ. ಒಂದು ದಿನ ಹಾಕಿ ಬಿಸಾಡುವ ಕಾಂಟ್ಯಾಕ್ಟ್ ಲೆನ್ಸ್, ಅಂದರೆ ದಿನದ ಲೆನ್ಸ್, ಬೆಳಿಗ್ಗೆ ಹಾಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಉಸುಕಿನಂತೆ ಚುಚ್ಚತೊಡಗಿದರೆ, ಮೊದಲು ಡಬ್ಬಿ ತಿರುಗಿಸಿ ಅದರ ವಸ್ತುವಿನ ಹೆಸರು ಓದಿ.

‘ನೀರಿನಂಶ ಹೆಚ್ಚಿದ್ದಷ್ಟೂ ತಂಪು’ ಎಂಬ ಮಾತು ಅರ್ಧ ಮಾತ್ರ ನಿಜ. ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ (ಕಾರ್ನಿಯಾ) ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಗಾಳಿಯಿಂದಲೇ ಬರಬೇಕು. ಹೈಡ್ರೋಜೆಲ್ (ನೀರು ಹೀರಿಕೊಂಡಿರುವ ಮೆತ್ತನೆಯ ಪ್ಲಾಸ್ಟಿಕ್) ಲೆನ್ಸ್‌ನಲ್ಲಿ ಅದು ನೀರಿನ ಮೂಲಕ ಸಾಗುತ್ತದೆ. ಎಟಾಫಿಲ್ಕಾನ್ ಎ ಎಂಬ ಹೈಡ್ರೋಜೆಲ್ ವಸ್ತುವಿನಲ್ಲಿ ಶೇ 58, ನೆಲ್ಫಿಲ್ಕಾನ್ ಎ ಎಂಬುದರಲ್ಲಿ ಶೇ 69 ನೀರಿದೆ. ಒಣಹವೆಯಲ್ಲಿ ಮೇಲ್ಮೈ ನೀರು ಆರಿದಂತೆ ಲೆನ್ಸ್ ಕಣ್ಣೀರನ್ನು ಹೀರುತ್ತದೆ, ಬಿಗಿಯುತ್ತದೆ. ಉರಿ ಶುರುವಾಗುವುದು ಆಗಲೇ.

ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ ಆಮ್ಲಜನಕವನ್ನು ಸಾಗಿಸುವುದು ಮುಖ್ಯವಾಗಿ ಸಿಲಿಕೋನ್. ಹಾಗಾಗಿ ನೀರು ಕಡಿಮೆಯಿದ್ದರೂ ನಡೆಯುತ್ತದೆ: ಸೆನೋಫಿಲ್ಕಾನ್ ಎ ವಸ್ತುವಿನಲ್ಲಿ ಶೇ 38. ಡೆಲಿಫಿಲ್ಕಾನ್ ಎ ಇನ್ನೂ ಜಾಣತನದ್ದು. ಒಡಲಲ್ಲಿ ಶೇ 33 ನೀರು, ರೆಪ್ಪೆ ಉಜ್ಜುವ ಮೇಲ್ಮೈಯಲ್ಲಿ ಶೇ 80ಕ್ಕೂ ಹೆಚ್ಚು. ಸಿಲಿಕೋನ್ ಲೆನ್ಸ್ ಸಾಮಾನ್ಯವಾಗಿ ತುಸು ಗಡುಸು, ಬೆಲೆಯೂ ಜಾಸ್ತಿ. ಮದುವೆ ಮನೆಯ ನಾಲ್ಕು ತಾಸಿಗೆ ಹೈಡ್ರೋಜೆಲ್ ಸಾಕು. ದಿನಾ ಎಂಟು-ಹತ್ತು ತಾಸು ಹಾಕುವವರು ಸಿಲಿಕೋನ್‌ಗೇ ದುಡ್ಡು ಕೊಡುವುದು ಒಳ್ಳೆಯದು.

ಕನ್ನಡಕದ ಚೀಟಿ ಹಿಡಿದು ಲೆನ್ಸ್ ಕೊಳ್ಳಬೇಡಿ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರವಿರುತ್ತದೆ; ಅಲ್ಲಿ ಪವರ್ ಮೈನಸ್ 6 ಇದ್ದರೆ ಲೆನ್ಸ್‌ನಲ್ಲಿ ಮೈನಸ್ 5.50 ಆಗಬಹುದು. ಲೆನ್ಸ್‌ನ ಬಾಗು ಮತ್ತು ಅಗಲವೂ ಕಣ್ಣಿಗೆ ಕೂಡಬೇಕು. ಪರೀಕ್ಷಿಸಿದವರಿಂದ ಟ್ರಯಲ್ ಜೋಡಿ ಕೇಳಿ ಪಡೆದು, ಮಾಮೂಲಿ ಕೆಲಸದ ದಿನವೇ ಹಾಕಿ ನೋಡಿ. ಎಷ್ಟು ಹೊತ್ತಿಗೆ ಒಣಗಿತು ಎಂದು ಬರೆದಿಟ್ಟು ಅವರಿಗೆ ಹೇಳಿ.

ಹಾಕುವ ಮೊದಲು ಸಾಬೂನಿನಿಂದ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಮೆಣಸಿನಕಾಯಿ ಮುಟ್ಟಿದ ಕೈಯಾದರೆ ಒಂದೇ ತೊಳೆತಕ್ಕೆ ಖಾರ ಹೋಗದು. ಅಡುಗೆಗೆ ಮುಂಚೆಯೇ ಲೆನ್ಸ್ ಹಾಕಿ. ಲೆನ್ಸನ್ನು ತೋರುಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ: ಬಟ್ಟಲಿನಂತಿದ್ದರೆ ಸರಿ, ಅಂಚು ಹೊರಕ್ಕೆ ಚಾಚಿದ್ದರೆ ಅದು ಮಗುಚಿದೆ. ಕಾಡಿಗೆ ಹಚ್ಚುವುದು ಲೆನ್ಸ್ ಹಾಕಿದ ಮೇಲೆ, ಅದೂ ರೆಪ್ಪೆಯ ಹೊರಗೆ ಮಾತ್ರ.

ಜೋಳದ ರಾಶಿಯ ಕಣಕ್ಕೆ ಹೋಗುವ ದಿನ ಲೆನ್ಸ್ ಬೇಡ, ಕನ್ನಡಕವೇ ಇರಲಿ. ಬೈಕ್ ಮೇಲೆ ಹೆಲ್ಮೆಟ್ಟಿನ ಗಾಜು ಇಳಿಸಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯದಿರಲಿ. ಕಂಪ್ಯೂಟರ್ ನೋಡುವಾಗ ರೆಪ್ಪೆ ಬಡಿತ ಕಡಿಮೆಯಾಗುತ್ತದೆ, ನೆನಪಿಟ್ಟು ಪೂರ್ತಿ ಮಿಟುಕಿಸಿ. ಕಣ್ಣಿನ ಹನಿ ಬೇಕಾದರೆ ಲೆನ್ಸ್ ಮೇಲೆ ಬಳಸಬಹುದಾದ, ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದನ್ನೇ ತನ್ನಿ.

ನಲ್ಲಿ, ಬೋರ್‌ವೆಲ್, ಕುಡಿಯುವ ನೀರು ಯಾವುದನ್ನೂ ಲೆನ್ಸ್‌ಗೆ ತಾಕಿಸಬೇಡಿ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿಯ ಸೋಂಕು ದೃಷ್ಟಿಯನ್ನೇ ಕಳೆಯಬಲ್ಲದು. ಲೆನ್ಸ್ ಬರುವ ಪೊಟ್ಟಣದ ದ್ರವ ಬರೀ ಉಪ್ಪುನೀರಿನ ಬಗೆಯದು, ರೋಗಾಣು ಕೊಲ್ಲುವುದಿಲ್ಲ. ಅದರಲ್ಲಿ ನೆನೆಸಿಟ್ಟು ಮರುದಿನ ಹಾಕುವುದು ಅಪಾಯ. ರಾತ್ರಿ ತೆಗೆದು ಕಸದ ಬುಟ್ಟಿಗೆ ಹಾಕಿ, ಬಚ್ಚಲಿಗಲ್ಲ.

ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಬೆಳಕು ತಾಳದಿದ್ದರೆ, ತಕ್ಷಣ ಲೆನ್ಸ್ ತೆಗೆಯಿರಿ. ಹೊಸದು ಹಾಕಿ ನೋಡೋಣ ಎನ್ನಬೇಡಿ. ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗಿ.