ಬಾಡಿಗೆ ಆಮೇಲೆ, ನೀರು ಮೊದಲು

ರಾಯಚೂರಿಗೆ ಹೊಸದಾಗಿ ನೌಕರಿಗೆ ಬಂದವರು ಮನೆ ನೋಡಲು ಬೆಳಿಗ್ಗೆ ಹತ್ತಕ್ಕೆ ಹೋಗುತ್ತಾರೆ. ಬೆಳಗಿನ ತಂಪಿನಲ್ಲಿ ಯಾವ ಮನೆಯಾದರೂ ಚಂದವೇ. ಹೋಗುವುದಿದ್ದರೆ ಮಧ್ಯಾಹ್ನ ಮೂರಕ್ಕೆ ಹೋಗಿ. ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಒತ್ತಿ ನೋಡಿ. ಕಾದ ಹಂಚಿನ ಹಾಗಿದ್ದರೆ ಆ ಗೋಡೆಗೆ ತಾಗಿಸಿ ಮಂಚ ಹಾಕುವ ಆಸೆ ಬಿಡಬೇಕು. ಮೇಲಿನ ಮಹಡಿಯಾದರೆ ಇನ್ನೂ ಕಷ್ಟ. ದಿನವಿಡೀ ಬಿಸಿಲು ಕುಡಿದ ಸಿಮೆಂಟ್ ಮಾಳಿಗೆ ಅದನ್ನು ಸಂಜೆಯಿಂದ ನಡುರಾತ್ರಿಯವರೆಗೆ ಕೆಳಗೆ ಬಿಡುತ್ತದೆ, ಫ್ಯಾನು ಆ ಬಿಸಿಯನ್ನೇ ತಿರುಗಿಸಿ ಮುಖಕ್ಕೆ ಹೊಡೆಯುತ್ತದೆ. ಕೆಳಮನೆಗೆ ಐನೂರು ರೂಪಾಯಿ ಬಾಡಿಗೆ ಹೆಚ್ಚು ಕೇಳಿದರೂ ಕೊಡುವುದು ಲಾಭ.

ಬಾಡಿಗೆ ಮಾತಾಡುವ ಮುಂಚೆ ನೀರಿನ ಮಾತಾಡಿ. ಹಳೆಯ ಶಾಸನಗಳು ಈ ಸೀಮೆಯನ್ನು ಎಡೆದೊರೆ ಎಂದವು, ಎರಡು ಹೊಳೆಗಳ ನಡುವಿನ ನಾಡು. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಅಷ್ಟಿದ್ದೂ ನಳ ದಿನವೂ ಬರುವುದಿಲ್ಲ. ಮಾಲೀಕರನ್ನು ಕೇಳಬೇಕಾದದ್ದು ಇಷ್ಟು: ನಳ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಎಷ್ಟು ತಾಸು? ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ? ಸಂಪು ಎಷ್ಟು ಲೀಟರಿನದು, ಅದರಲ್ಲಿ ಎಷ್ಟು ಮನೆಯವರ ಪಾಲು? ಬೋರ್ ನೀರು ಅದೇ ಸಂಪಿಗೆ ಬೀಳುತ್ತದೆಯೋ, ಬೇರೆ ಪೈಪೋ? ಮಾಲೀಕರು ಹೇಳಿದ್ದನ್ನು ಪಕ್ಕದ ಮನೆಯ ಅಕ್ಕನ ಹತ್ತಿರ ಇನ್ನೊಮ್ಮೆ ಕೇಳಿ. ನಿಜವಾದ ಲೆಕ್ಕ ಸಿಗುವುದು ಅಲ್ಲಿಯೇ. ನೀರು ಬಿಡುವ ವಾಲ್‌ಮನ್‌ನ ಫೋನ್ ನಂಬರೂ ಅವರ ಹತ್ತಿರವೇ ಇರುತ್ತದೆ. ನೌಕರಿ ಮಾಡುವವರಿಗೆ ಅದು ಬಲು ಬೆಲೆಯ ನಂಬರು, ಏಕೆಂದರೆ ನಳ ಬರುವ ಹೊತ್ತಿಗೆ ನೀವು ಡ್ಯೂಟಿಯಲ್ಲಿರುತ್ತೀರಿ.

ಒಬ್ಬ ಮನುಷ್ಯನಿಗೆ ದಿನಕ್ಕೆ ಕುಡಿಯಲು, ಅಡಿಗೆಗೆ ಎಂಟು ಲೀಟರ್, ಜಳಕಕ್ಕೆ ಇಪ್ಪತ್ತೈದು, ಪಾತ್ರೆಗೆ ಹದಿನೈದು, ಬಟ್ಟೆ ಮತ್ತು ಪಾಯಿಖಾನೆಗೆ ಐವತ್ತು ಎಂದರೆ ಹತ್ತಿರ ಹತ್ತಿರ 100 ಲೀಟರ್. ಇದರ ಮೇಲೆ ಬೇಸಿಗೆಯಲ್ಲಿ ಕೂಲರ್ ರಾತ್ರಿಗೆ 30–40 ಲೀಟರ್ ಕುಡಿಯುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಳ ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಾದರೆ ಐದು ದಿನದ ನೀರು ಇಟ್ಟುಕೊಳ್ಳಬೇಕು, ಅಂದರೆ ಬೇಸಿಗೆಯಲ್ಲಿ ಕೂಲರಿನ ನೀರೂ ಸೇರಿ ತಲೆಗೆ 700 ಲೀಟರ್. ಸಂಪಿನಲ್ಲಿ ನಿಮ್ಮ ಪಾಲು ಅಷ್ಟು ಬರದಿದ್ದರೆ 200 ಲೀಟರಿನ ಬ್ಯಾರಲ್ ಎರಡು ತನ್ನಿ. ಹಳೆಯ ಬ್ಯಾರಲ್ ಅಗ್ಗಕ್ಕೆ ಸಿಗುತ್ತವೆ. ಮೊದಲು ಅದರಲ್ಲಿ ಏನು ತುಂಬಿತ್ತು ಎಂದು ಕೇಳಿ. ಆ್ಯಸಿಡ್, ಬಣ್ಣ, ಔಷಧಿಯ ಬ್ಯಾರಲ್ ಎಷ್ಟು ತೊಳೆದರೂ ಮನೆಗೆ ಬೇಡ.

ಬ್ಯಾರಲ್ ಬಂದರೆ ಡೆಂಗಿ ಸೊಳ್ಳೆಯೂ ಹಿಂದೆಯೇ ಬರುತ್ತದೆ. ಅದು ಮೊಟ್ಟೆ ಇಡುವುದು ಗಟಾರದಲ್ಲಲ್ಲ, ನೀವು ಜೋಪಾನ ಮಾಡಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿ ಬ್ಯಾರಲ್ ಬರಿದು ಮಾಡಬೇಕು. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ನೀರಿನ ಅಂಚಿಗೆ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ತೆಂಗಿನ ನಾರಿನಿಂದ ಒಳಗೋಡೆ ಉಜ್ಜಿ, ತೊಳೆದ ನೀರನ್ನು ಮಣ್ಣಿಗೆ ಸುರಿಯಿರಿ, ಬಿಸಿಲಿಗೆ ಬೋರಲು ಹಾಕಿ. ತುಂಬಿದ ಮೇಲೆ ಬಾಯಿಗೆ ಹಳೆಯ ಪಂಚೆ ಬಿಗಿದು ಹಗ್ಗ ಕಟ್ಟಿ.

ಕುಡಿಯುವ ನೀರಿನದು ಬೇರೆಯೇ ಕಥೆ. ರಾಯಚೂರು, ಕೊಪ್ಪಳ ಸೀಮೆಯ ಬಹಳಷ್ಟು ಬೋರ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಒಂದೂವರೆ ದಾಟಿದರೆ ವರ್ಷಗಟ್ಟಲೆ ಕುಡಿದವರ ಹಲ್ಲು, ಎಲುಬು ಕೆಡುತ್ತವೆ. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಎಲ್ಲಿಯೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಏರುತ್ತದೆ. ಆದ್ದರಿಂದ ಬೋರ್ ನೀರು ಕುಡಿಯಲೂ ಬೇಡ, ಅಡಿಗೆಗೂ ಬೇಡ. ಓಣಿಯ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತನ್ನಿ. ಕ್ಯಾನನ್ನು ಬಿಸಿಲಿಗೆ ಇಟ್ಟರೆ ಒಳಗೆ ಹಸಿರು ಪಾಚಿ ಕಟ್ಟುತ್ತದೆ. ವಾರಕ್ಕೊಮ್ಮೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಕುಲುಕಿದರೆ ಕೈ ಹೋಗದ ಕ್ಯಾನೂ ತೊಳೆಯುತ್ತದೆ. ಮಳೆಗಾಲದಲ್ಲಿ ನಳದ ನೀರು ಕೆಂಪಾಗಿ ಬಂದರೆ ಪಟಕದ ತುಂಡನ್ನು ಕೊಡದಲ್ಲಿ ಏಳೆಂಟು ಸುತ್ತು ತಿರುಗಿಸಿ ತೆಗೆದುಬಿಡಿ. ಒಂದು ತಾಸಿಗೆ ಮಣ್ಣು ತಳ ಸೇರುತ್ತದೆ. ಮೇಲಿನ ತಿಳಿ ಬಸಿದುಕೊಂಡು ಕುದಿಸಿ; ಪಟಕ ಮಣ್ಣನ್ನು ಇಳಿಸುತ್ತದೆಯೇ ಹೊರತು ರೋಗವನ್ನಲ್ಲ.

ಫ್ರಿಜ್ ಕೊಳ್ಳುವ ಅವಸರ ಬೇಡ, ಮೊದಲ ಬೇಸಿಗೆಗೆ ಒಂದು ಮಣ್ಣಿನ ಹರವಿ ಸಾಕು. ಹೊಸ ಹರವಿಗೆ ನೀರು ತುಂಬಿ ಒಂದು ದಿನ ಬಿಟ್ಟು ಚೆಲ್ಲಿ, ಹೀಗೆ ಮಣ್ಣಿನ ವಾಸನೆ ಹೋಗುವವರೆಗೆ ಎರಡು ಮೂರು ಸಲ ಮಾಡಿ. ಬಣ್ಣ ಬಳಿದ ಹರವಿ ನೋಡಲು ಚಂದ, ಅಷ್ಟೇ. ನೀರು ಹೊರಗೆ ಒಸರಿ ಗಾಳಿಗೆ ಆರಿದರೆ ಮಾತ್ರ ಒಳಗೆ ತಣ್ಣಗಾಗುತ್ತದೆ, ಬಣ್ಣ ಆ ಒಸರುವಿಕೆಯನ್ನೇ ಮುಚ್ಚುತ್ತದೆ. ಅದೇ ಕಾರಣಕ್ಕೆ ಅದನ್ನು ಮೂಲೆಯಲ್ಲಿ ಇಡದೆ ಗಾಳಿ ಆಡುವ ನೆರಳಿನಲ್ಲಿ ಮರಳಿನ ಮೇಲೆ ಕೂರಿಸಬೇಕು. ಸೋಪು ಹಚ್ಚಿ ತೊಳೆಯಬೇಡಿ, ಸೋಪು ಮಣ್ಣಿನೊಳಗೆ ಇಳಿದು ವಾರಗಟ್ಟಲೆ ನೀರಿಗೆ ಬರುತ್ತದೆ. ಹೋದ ವರ್ಷದ ಹರವಿ ಈ ವರ್ಷ ತಣಿಸದಿದ್ದರೆ ಅದು ಸವಳಿನ ಕೆಲಸ, ರಂಧ್ರಗಳೆಲ್ಲ ಉಪ್ಪು ಕಟ್ಟಿ ಮುಚ್ಚಿಹೋಗಿರುತ್ತವೆ. ಹೊಸದು ತನ್ನಿ.

ಸವಳು ನೀರು ಅಡಿಗೆಮನೆಯಲ್ಲೂ ಕಾಡುತ್ತದೆ. ತೊಗರಿಬೇಳೆ ಐದು ಸೀಟಿ ಕೂಗಿದರೂ ಕಲ್ಲಾಗಿಯೇ ಉಳಿದರೆ ಬೇಳೆಯನ್ನು ಬೈಯಬೇಡಿ, ನೀರು ಬದಲಿಸಿ. ಕ್ಯಾನಿನ ನೀರಲ್ಲಿ ಅರ್ಧ ತಾಸು ನೆನೆಸಿಟ್ಟ ಬೇಳೆ ಮೂರೇ ಸೀಟಿಗೆ ಕರಗುತ್ತದೆ. ಚಹಾದ ಕೆಟಲ್‌ನ ತಳಕ್ಕೆ ಬಿಳಿ ಪದರು ಕಟ್ಟಿದರೆ ಒಂದು ಚಮಚ ನಿಂಬೆ ಉಪ್ಪು ಹಾಕಿದ ನೀರು ಕುದಿಸಿ ಅರ್ಧ ತಾಸು ಬಿಡಿ, ಪದರು ತಾನೇ ಏಳುತ್ತದೆ.

ಈಗ ಧಗೆಯ ಮಾತು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕರಾವಳಿ, ಮಲೆನಾಡಿನಿಂದ ಬಂದವರು ಸೆಕೆ ಎಂದು ಕಿಟಕಿ ತೆರೆದಿಡುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕಿಟಕಿ ಮುಚ್ಚಿರಬೇಕು, ರಾತ್ರಿ ತೆರೆದಿರಬೇಕು. ಪರದೆ ಒಳಗೆ ಕಟ್ಟಿದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಯಿತು. ಕಿಟಕಿಯ ಹೊರಗೆ ಗೋಣಿತಟ್ಟೋ ಚಾಪೆಯೋ ಇಳಿಬಿಡಿ. ಮೇಲಿನ ಮನೆಯೇ ಗತಿ ಎಂದಾದರೆ ಮಾಲೀಕರ ಒಪ್ಪಿಗೆ ಪಡೆದು ಫೆಬ್ರವರಿ ಕೊನೆಗೆ ಮಾಳಿಗೆ ಕಸ ಗುಡಿಸಿ ಸುಣ್ಣ ಬಳಿಸಿ. ಅರಳಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಮಜ್ಜಿಗೆಯ ಹದಕ್ಕೆ ಕಲಸಿ, ಹಿಡಿತಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೈ ಹೊಡೆಯಬೇಕು. ಒಂದೇ ಸಲ ದಪ್ಪಗೆ ಬಳಿದರೆ ಸಿಪ್ಪೆ ಏಳುತ್ತದೆ. ಬಿಳಿ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ರಾತ್ರಿ ನಿದ್ದೆ ಬಂದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಕೂಲರನ್ನು ಹೆಚ್ಚಿನವರು ಕೋಣೆಯ ನಡುವೆ ಇಟ್ಟು ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಎರಡೇ ತಾಸಿಗೆ ಹಾಸಿಗೆ ಜಿಗುಟು, ಮೈ ಅಂಟು, ಕೂಲರ್ ಕೆಟ್ಟಿದೆ ಎಂಬ ದೂರು. ಕೆಟ್ಟಿರುವುದಿಲ್ಲ. ಒಣಗಾಳಿ ಒದ್ದೆ ಪ್ಯಾಡ್ ದಾಟಿ ಬರುವಾಗ ನೀರು ಆರಿ ಗಾಳಿ ತಣ್ಣಗಾಗುತ್ತದೆ. ಕೋಣೆಯ ತೇವದ ಗಾಳಿಯನ್ನೇ ಮತ್ತೆ ಮತ್ತೆ ಎಳೆದರೆ ಆರಲು ಜಾಗವೇ ಇಲ್ಲ. ಆದ್ದರಿಂದ ಕೂಲರಿನ ಬೆನ್ನು ಕಿಟಕಿಯ ಹೊರಗಿರಬೇಕು, ಎದುರಿನ ಕಿಟಕಿಯೋ ಬಾಗಿಲೋ ಒಂದು ಗೇಣು ತೆರೆದಿರಬೇಕು. ಮೊದಲು ಪಂಪ್ ಹಾಕಿ, ಹತ್ತು ನಿಮಿಷ ಪ್ಯಾಡ್ ನೆನೆದ ಮೇಲೆ ಫ್ಯಾನ್. ಮಾರ್ಚ್‌ನಿಂದ ಮೇ ಕೊನೆಯವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಮೃಗಶಿರಾ ಮಳೆ ಬಿದ್ದು ಗಾಳಿಯಲ್ಲಿ ತೇವ ಸೇರಿದ ಮೇಲೆ ಪಂಪ್ ನಿಲ್ಲಿಸಿ, ಬರೀ ಫ್ಯಾನ್ ಓಡಿಸಿ.

ಹುಲ್ಲಿನ ಪ್ಯಾಡನ್ನು ಪ್ರತಿ ಬೇಸಿಗೆ ಬದಲಿಸಬೇಕು. ಲಾವಂಚದ್ದಾದರೆ ಕಂಪು ಬೇರೆ. ಜೇನುಗೂಡಿನ ಹಾಗಿರುವ ಪ್ಯಾಡಿಗೆ ದುಡ್ಡು ಹೆಚ್ಚು, ಬಾಳಿಕೆಯೂ ಹೆಚ್ಚು. ಬೋರ್ ನೀರು ಹಾಕಿದರೆ ಯಾವುದೂ ಉಳಿಯದು. ನೀರು ಆರಿ ಹೋಗುತ್ತದೆ, ಉಪ್ಪು ಟ್ಯಾಂಕಿನಲ್ಲೇ ಕೂತು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತದೆ. ಮೇಲೆ ಮೇಲೆ ನೀರು ಸುರಿಯುತ್ತ ಹೋಗದೆ ಮೂರು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ. ಸೊಳ್ಳೆಗೂ ಅದೇ ಮದ್ದು. ತಗಡಿನ ಕೂಲರಾದರೆ ಮೂರು ಪಿನ್ನಿನ ಪ್ಲಗ್, ಗೋಡೆಯಲ್ಲಿ ನಿಜವಾಗಿಯೂ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಹಳೆಯ ಮನೆಗಳಲ್ಲಿ ಮೂರನೆಯ ತೂತು ಬರೀ ತೋರಿಕೆಗೆ ಇರುವುದುಂಟು. ನೀರು ಹಾಕುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿರಬೇಕು, ಕಾಲಲ್ಲಿ ಚಪ್ಪಲಿ ಇರಬೇಕು. ಪ್ರತಿ ಬೇಸಿಗೆ ಈ ಒಂದು ತಪ್ಪಿಗೆ ಜೀವಗಳು ಹೋಗುತ್ತವೆ.

ಕರೆಂಟಿನ ಲೆಕ್ಕ ಇದರೊಟ್ಟಿಗೇ ನೋಡಿಕೊಳ್ಳಿ. 180 ವ್ಯಾಟಿನ ಕೂಲರ್ ಹತ್ತು ತಾಸು ಓಡಿದರೆ ದಿನಕ್ಕೆ 1.8 ಯೂನಿಟ್, ತಿಂಗಳಿಗೆ 54. ಒಂದೂವರೆ ಟನ್ನಿನ ಎಸಿ ತಾಸಿಗೇ ಒಂದು ಯೂನಿಟ್‌ಗಿಂತ ಹೆಚ್ಚು ತಿನ್ನಬಹುದು. 2023ರಲ್ಲಿ ಶುರುವಾದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ, ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ಹಿಂದಿನ ಊರಿನ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್.ಆರ್. ನಂಬರಿಗೆ ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಮೊದಲು ಅದನ್ನು ಬಿಡಿಸಿಕೊಂಡು ಬನ್ನಿ. ಮನೆಗೆ ಕಾಲಿಟ್ಟ ದಿನವೇ ಮೀಟರಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ಕರಾರು ಹನ್ನೊಂದು ತಿಂಗಳದು ಸಾಕು, ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ಗ್ಯಾಸಿಗೆ ವಿಳಾಸದ ಕಾಗದ ಇನ್ನೂ ಆಗಿಲ್ಲವೆಂದರೆ ಗುರುತಿನ ಚೀಟಿ ತೋರಿಸಿ 5 ಕಿಲೋ ಸಿಲಿಂಡರ್ ತರಬಹುದು.

ಊಟಕ್ಕೆ ಮೊದಲ ತಿಂಗಳು ಖಾನಾವಳಿ ಚೆನ್ನ. ಆದರೆ ಖಾರ ಕಡಿಮೆ ತಿನ್ನುವ ಸೀಮೆಯವರು ಚಟ್ನಿಯನ್ನು ಮೊಸರಿಗೆ ಕಲಸಿಯೇ ತಿನ್ನಿ. ಮನೆಯಲ್ಲಿ ರೊಟ್ಟಿ ಮಾಡುವುದಿದ್ದರೆ ಜೋಳ ತಂದು ಗಿರಣಿಯಲ್ಲಿ ಒಂದು ಸಲಕ್ಕೆ ಎರಡು ಕಿಲೋಗಿಂತ ಹೆಚ್ಚು ಬೀಸಿಸಬೇಡಿ. ಹಿಟ್ಟು ಹಳತಾದರೆ ಕಹಿಯಾಗುತ್ತದೆ, ತಟ್ಟುವಾಗ ಅಂಚು ಒಡೆಯುತ್ತದೆ. ಜೋಳದಲ್ಲಿ ಗೋಧಿಯ ಅಂಟಿಲ್ಲ, ಕುದಿನೀರೇ ಅದಕ್ಕೆ ಅಂಟು. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಕುದಿಯುವ ನೀರು ಹಾಕಿ ಚಮಚದಿಂದ ಕೂಡಿಸಿ, ಕೈ ತಾಳುವಷ್ಟಾದ ಮೇಲೆ ಚೆನ್ನಾಗಿ ನಾದಿ. ಹಂಚಿಗೆ ಹಾಕಿದ ಕೂಡಲೆ ಮೇಲ್ಮೈಗೆ ಒದ್ದೆ ಬಟ್ಟೆ ಸವರಿ, ನೀರು ಆರುವ ಹೊತ್ತಿಗೆ ತಿರುವಿ. ಇಷ್ಟು ರಗಳೆ ಬೇಡವೆಂದರೆ ಕಟಕ ರೊಟ್ಟಿ ಕೊಂಡಿಡಿ. ಪೂರ್ತಿ ಒಣಗಿದ್ದರೆ ತಿಂಗಳು ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರು ಇದ್ದರೆ ಡ್ಯೂಟಿಯಿಂದ ತಡವಾಗಿ ಬಂದ ರಾತ್ರಿಯೂ ಉಪವಾಸವಿಲ್ಲ.

ಬುತ್ತಿಗೆ ತೆಂಗಿನಕಾಯಿ ಅರೆದ ಸಾರು ಬೇಡ, ಏಪ್ರಿಲ್ ಮಧ್ಯಾಹ್ನಕ್ಕೆ ಹಳಸಿರುತ್ತದೆ. ಮೊಸರನ್ನವೂ ಮೊಸರು ಹಾಕಿ ಒಯ್ದರೆ ಹುಳಿ. ಮೆತ್ತಗೆ ಬೆಂದ ಒಂದು ಬಟ್ಟಲು ಅನ್ನ ಕಿವುಚಿ, ಆರಿದ ಮೇಲೆ ಒಂದು ಬಟ್ಟಲಿಗಿಂತ ತುಸು ಹೆಚ್ಚು ಉಗುರುಬೆಚ್ಚಗಿನ ಹಾಲು, ಬರೀ ಒಂದು ಚಹಾಚಮಚ ಮೊಸರು ಹಾಕಿ ಡಬ್ಬಿ ಮುಚ್ಚಿ. ಊಟದ ಹೊತ್ತಿಗೆ ಅದು ಅಲ್ಲಿಯೇ ಹೆಪ್ಪಾಗಿರುತ್ತದೆ.

ಶಕ್ತಿನಗರ, ಯರಮರಸ್ ಕಡೆಯ ವಿದ್ಯುತ್ ಸ್ಥಾವರಗಳಲ್ಲಿ ರಾತ್ರಿ ಪಾಳಿ ಮಾಡುವವರು ಹಗಲು ಮಲಗುವುದೇ ದೊಡ್ಡ ಕೆಲಸ. ಮನೆಯ ಅತಿ ಒಳಗಿನ ಕೋಣೆಯನ್ನು ಮಲಗಲು ಇಟ್ಟುಕೊಳ್ಳಿ, ಬೆಳಕು ಕಡಿಮೆ ಎಂದು ಎಲ್ಲರೂ ಸಾಮಾನು ತುಂಬುವ ಕೋಣೆ ಅದು. ಮನೆಗೆ ಬಂದ ಕೂಡಲೆ ಮಲಗಿ, ಸಂಜೆ ನಾಲ್ಕಕ್ಕೆ ಮೇಲಿನ ಟ್ಯಾಂಕಿನ ನೀರಲ್ಲಿ ಜಳಕ ಮಾಡಲು ಹೋಗಬೇಡಿ, ಅದು ಸುಡುತ್ತಿರುತ್ತದೆ. ಎರಡು ಬಕೆಟ್ ಬೆಳಿಗ್ಗೆಯೇ ಹಿಡಿದಿಟ್ಟಿರಿ. ಬಿಸಿಲಲ್ಲಿ ದುಡಿಯುವ ಕೆಲಸವಾದರೆ ಬಾಟಲಿಯಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಕರಗಿಸಿ ಒಯ್ಯಿರಿ. ಉಪ್ಪು ಇದಕ್ಕಿಂತ ಹೆಚ್ಚಿದರೆ ಅಪಾಯ. ಇಪ್ಪತ್ತನಾಲ್ಕು ತಾಸು ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ. ಜೊತೆಯವರಿಗೆ ಮೈ ಕೆಂಡವಾಗಿ ಮಾತು ತಡವರಿಸಿದರೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬಾರದು.

ಡ್ಯೂಟಿ ಬೂಟುಗಳನ್ನು ಹೊಸ್ತಿಲ ಹೊರಗೆ ಬಿಡುವವರು ಮೆಟ್ಟುವ ಮುಂಚೆ ಬೋರಲು ಹಾಕಿ ಎರಡು ಸಲ ಕುಟ್ಟಿ. ಇದು ಕಲ್ಲು ನೆಲದ ನಾಡು, ಚೇಳು ಬೂಟಿನ ಒಳಗಿನ ಕತ್ತಲೆಯನ್ನು ಬಹಳ ಇಷ್ಟಪಡುತ್ತದೆ.