ಚೆಂಡನ್ನು ಬಿಟ್ಟು ಪಾದ ನೋಡಿ: ಕಾಲೇಜು ಲೈನ್‌ಮನ್‌ನನ್ನು ಅಳೆಯುವ ಬಗೆ

ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆಯ್ದುಕೊಳ್ಳುವ ಕಾರ್ಯಕ್ರಮ, ಸಮೀಪಿಸುತ್ತಿದ್ದಂತೆ ಅಮೆರಿಕದಲ್ಲಿರುವ ನನ್ನ ಕನ್ನಡಿಗ ಸ್ನೇಹಿತರೂ ಕಾಲೇಜು ಆಟಗಾರರ ಬಗ್ಗೆ ಲೆಕ್ಕ ಹಾಕತೊಡಗುತ್ತಾರೆ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಎಸೆತಗಳನ್ನು ಅವರು ಚೆನ್ನಾಗಿಯೇ ಗುರುತಿಸುತ್ತಾರೆ. ಆದರೆ ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರು ಲೈನ್‌ಮನ್‌ಗಳ, ಅಂದರೆ ನಡುವಿನ ಸೆಂಟರ್, ಅವನ ಅಕ್ಕಪಕ್ಕದ ಇಬ್ಬರು ಗಾರ್ಡ್ ಮತ್ತು ತುದಿಗಳ ಇಬ್ಬರು ಟ್ಯಾಕಲ್‌ಗಳ ಮಾತು ಬಂದಾಗ, ಎದುರಾಳಿಯನ್ನು ನೆಲಕ್ಕೆ ಕೆಡವಿದ ನಾಲ್ಕು ದೃಶ್ಯ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಕಾಲೇಜಿನಲ್ಲಿ ಹಾಗೆ ಕೆಡವಿದವರೆಲ್ಲ ವೃತ್ತಿಪರ ಲೀಗ್‌ನಲ್ಲಿ ನಿಲ್ಲುವುದಿಲ್ಲ.

ಮೊದಲು ಸರಿಯಾದ ವಿಡಿಯೊ ಹೊಂದಿಸಿಕೊಳ್ಳಿ. ಟಿವಿ ಪ್ರಸಾರದ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಲೈನ್‌ಮನ್‌ನ ಕೆಲಸ ಅರ್ಧದಲ್ಲೇ ಚೌಕಟ್ಟಿನಿಂದ ಹೊರಗುಳಿಯುತ್ತದೆ. ಮೈದಾನದ ತುದಿಯಿಂದ, ಎತ್ತರದಲ್ಲಿ ಚಿತ್ರಿಸಿದ ಕೋಚಿಂಗ್ ವಿಡಿಯೊ ಸಿಕ್ಕರೆ ಅದೇ ಬೇಕು. ಒಳ್ಳೆಯ ಕ್ಷಣಗಳನ್ನಷ್ಟೇ ಆಯ್ದು ಸಂಗೀತ ಸೇರಿಸಿದ ಹೈಲೈಟ್ ತುಣುಕುಗಳನ್ನು ನೋಡಲೇಬೇಡಿ. ಅವುಗಳಲ್ಲಿ ಸೋಲಿರುವುದಿಲ್ಲ, ನಮಗೆ ಬೇಕಾಗಿರುವುದು ಸೋಲೇ. ಕನಿಷ್ಠ ನಾಲ್ಕು ಪೂರ್ಣ ಪಂದ್ಯಗಳನ್ನು ನೋಡಿ, ಅವುಗಳಲ್ಲಿ ಒಂದಾದರೂ ಅತ್ಯುತ್ತಮ ಎದುರಾಳಿಯ ವಿರುದ್ಧದ್ದಾಗಿರಲಿ. ನಾರ್ತ್‌ವೆಸ್ಟರ್ನ್‌ನ ಟ್ಯಾಕಲ್ ರಶಾನ್ ಸ್ಲೇಟರ್ 2020ರ ಋತುವಿನಲ್ಲಿ ಆಡಲೇ ಇಲ್ಲ. ಆದರೂ 2019ರಲ್ಲಿ ಒಹಾಯೊ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಚೇಸ್ ಯಂಗ್ ಎದುರು ಅವನು ಆಡಿದ ಪಂದ್ಯ ಎಲ್ಲರ ಕಣ್ಣಿಗೂ ಬಿದ್ದಿತ್ತು. 2021ರಲ್ಲಿ ಚಾರ್ಜರ್ಸ್ ತಂಡ ಅವನನ್ನು 13ನೆಯ ಆಯ್ಕೆಯಾಗಿ ಪಡೆಯಿತು.

ಎರಡನೆಯದು ಈ ಕೆಲಸದ ಅತಿ ಕಷ್ಟದ ಹಂತ: ಪಾಸ್ ರಕ್ಷಣೆಯನ್ನು, ಅಂದರೆ ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುವವರೆಗೆ ಅವನನ್ನು ಕಾಯುವುದನ್ನು, ಓದುವುದು. ಇಲ್ಲಿ ಯಾವ ಸ್ನ್ಯಾಪ್‌ಗಳನ್ನು (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಆಟ) ಬಿಡಬೇಕು ಎಂಬುದೇ ಮೊದಲ ಪ್ರಶ್ನೆ. ಎದುರಾಳಿಗಳನ್ನು ಬೇಕೆಂದೇ ಒಳಬಿಟ್ಟು ಎಸೆಯುವ ಸ್ಕ್ರೀನ್ ಪಾಸ್, ಕ್ಷಣಾರ್ಧದಲ್ಲಿ ಎಸೆಯುವ ಪಾಸ್, ಓಟದ ನಟನೆ ಮಾಡಿ ಎಸೆಯುವ ಪಾಸ್, ಇವೆಲ್ಲವನ್ನೂ ಬದಿಗಿಡಿ. ಕಾಲೇಜು ನಿಯಮದಲ್ಲಿ ಪಾಸ್ ಎಸೆಯುವಾಗ ಲೈನ್‌ಮನ್ ಆಟ ಶುರುವಾದ ಗೆರೆಯಿಂದ ಮೂರು ಗಜದವರೆಗೆ ಮುಂದಿರಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಹೀಗಾಗಿ ಕಾಲೇಜಿನ ಎಷ್ಟೋ ಪಾಸ್‌ಗಳಲ್ಲಿ ಲೈನ್‌ಮನ್ ಓಟಕ್ಕೆಂದೇ ತಡೆಯುತ್ತಿರುತ್ತಾನೆ, ಹಿಂದೆ ಸರಿದು ಕಾಯುವ ಪ್ರಸಂಗವೇ ಅವನಿಗೆ ಬರುವುದಿಲ್ಲ. 'ವರ್ಷವಿಡೀ ಒಂದು ಸ್ಯಾಕ್ ಕೂಡ ಬಿಟ್ಟುಕೊಟ್ಟಿಲ್ಲ' ಎಂಬ ಹೊಗಳಿಕೆಯನ್ನು (ಚೆಂಡೆಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದೇ ಸ್ಯಾಕ್) ಇದನ್ನು ನೆನಪಿಟ್ಟುಕೊಂಡು ಓದಬೇಕು. ಮೂರನೆಯ ಡೌನ್‌ನಲ್ಲಿ, ಅಂದರೆ ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ, ಏಳು ಗಜಕ್ಕಿಂತ ಹೆಚ್ಚು ಬೇಕಾದ ಸ್ನ್ಯಾಪ್‌ಗಳಿಂದ ಆರಂಭಿಸಿ. ಪಾಸ್ ಬರುವುದು ಆಗ ಇಡೀ ಮೈದಾನಕ್ಕೇ ಗೊತ್ತಿರುತ್ತದೆ.

ಅಂಥ ಪ್ರತಿಯೊಂದು ಸ್ನ್ಯಾಪನ್ನು ಮೂರು ಬಾರಿ ನೋಡಿ. ಮೊದಲ ಬಾರಿ ಪಾದಗಳನ್ನು ಮಾತ್ರ. ಎಡ ಟ್ಯಾಕಲ್‌ನ ಎಡಗಾಲು ಹಿಂದಕ್ಕೆ, ತುಸು ಹೊರಕ್ಕೆ ಜಾರಬೇಕು, ಬಲಗಾಲು ಅದನ್ನು ಹಿಂಬಾಲಿಸಬೇಕು. ಎರಡು ಹಿಮ್ಮಡಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದರೆ ಅಲ್ಲೇ ಗುರುತು ಹಾಕಿ, ಏಕೆಂದರೆ ಆ ಗಳಿಗೆಯಲ್ಲಿ ಎದುರಾಳಿ ಎದೆಗೆ ಗುದ್ದಿದರೆ ಅವನಿಗೆ ನಿಲ್ಲಲು ನೆಲೆಯೇ ಇರುವುದಿಲ್ಲ. ಎರಡನೆಯ ಬಾರಿ ಮಂಡಿ ಮತ್ತು ಸೊಂಟ. ಬಗ್ಗಬೇಕಾದದ್ದು ಮಂಡಿ. ಸೊಂಟ ಬಗ್ಗಿದವನ ತಲೆ ಕಾಲ್ಬೆರಳಿಗಿಂತ ಮುಂದೆ ಚಾಚಿಕೊಳ್ಳುತ್ತದೆ, ಚುರುಕಾದ ಎದುರಾಳಿ ಅವನ ತೋಳು ಹಿಡಿದೆಳೆದು ಪಕ್ಕದಿಂದ ನುಸುಳುತ್ತಾನೆ. ಗರಡಿಯ ಕುಸ್ತಿ ನೋಡಿ ಬೆಳೆದ ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು. ಟ್ಯಾಂಪಾ ಬೇ ತಂಡದ ಟ್ರಿಸ್ಟನ್ ವರ್ಫ್ಸ್ ಹೈಸ್ಕೂಲಿನಲ್ಲಿ ಅಯೊವಾ ರಾಜ್ಯದ ಕುಸ್ತಿ ಚಾಂಪಿಯನ್ ಆಗಿದ್ದವನು. ಅವನು ಭಾರವನ್ನು ತೊಡೆಗಳ ಮೇಲೆ ಹೊತ್ತು ನಿಲ್ಲುವ ರೀತಿಯಲ್ಲಿ ನನಗೆ ಆ ಪಳಗಿದ ಮೈ ಕಾಣುತ್ತದೆ. ಮೂರನೆಯ ಬಾರಿ ಕೈಗಳು: ಅಂಗೈ ಎದುರಾಳಿಯ ಎದೆಯ ಒಳಭಾಗಕ್ಕೆ ಬೀಳುತ್ತಿದೆಯೇ, ಅಥವಾ ಭುಜದ ಹೊರಗೆ ಬಿದ್ದು ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದು ತಡೆಯುವ ತಪ್ಪು) ದಂಡಕ್ಕೆ ದಾರಿಯಾಗುತ್ತಿದೆಯೇ?

ಈ ಮೂರಕ್ಕಿಂತಲೂ ಮುಖ್ಯವಾದದ್ದು, ಸೋತ ಬಳಿಕದ ಅರ್ಧ ಸೆಕೆಂಡು. ಹಲವು ವರ್ಷಗಳ ಹಿಂದೆ ಒಬ್ಬ ಟ್ಯಾಕಲ್‌ಗೆ ನಾನು ಅತಿ ಹೆಚ್ಚು ಅಂಕ ಕೊಟ್ಟು ತಪ್ಪು ಮಾಡಿದ್ದೆ. ಒಂದು ಸ್ನ್ಯಾಪ್‌ನಲ್ಲಿ ಎದುರಾಳಿ ಹೊರಗಿನಿಂದ ಓಡಿಬಂದು ಥಟ್ಟನೆ ಒಳಕ್ಕೆ ತಿರುಗಿದ. ಟ್ಯಾಕಲ್‌ನ ಬಲಗಾಲು ನೆಲಕ್ಕೆ ಅಂಟಿದಂತಿತ್ತು, ಕೈ ಮಾತ್ರ ಚಾಚಿತು. ಚೆಂಡು ಅಷ್ಟರಲ್ಲಿ ಕೈಬಿಟ್ಟಿದ್ದರಿಂದ ಸ್ಯಾಕ್ ಆಗಲಿಲ್ಲ, ನಾನೂ ಅದನ್ನು ಬರೆದುಕೊಳ್ಳಲಿಲ್ಲ. ಮುಂದೆ ವೃತ್ತಿಪರ ಲೀಗ್‌ನಲ್ಲಿ ಅವನು ಸೋತದ್ದೆಲ್ಲ ಅದೇ ಒಳತಿರುವಿಗೆ. ಆದ್ದರಿಂದ ಫಲಿತಾಂಶವನ್ನು ಬರೆಯಬೇಡಿ, ದೇಹ ಏನು ಮಾಡಿತೆಂದು ಬರೆಯಿರಿ. ಹಿಂದಕ್ಕೆ ತಳ್ಳಿಸಿಕೊಂಡವನು ಎರಡನೆಯ ಅಥವಾ ಮೂರನೆಯ ಹೆಜ್ಜೆಯಲ್ಲಿ ಸೊಂಟ ಇಳಿಸಿ ನಿಂತನೇ? ನಿಂತವನಿಗೆ ಕೋಚ್ ಉಳಿದದ್ದನ್ನು ಕಲಿಸಬಲ್ಲ. ಇಡೀ ಋತುವಿಗೆ ಒಂದೇ ಅಂಕೆ ಕೊಟ್ಟು ಮಾರುವ ರೇಟಿಂಗ್‌ಗಳಲ್ಲಿ ಇದಾವುದೂ ತಿಳಿಯದು, ಅವಕ್ಕೆ ಹಣ ಕೊಡಬೇಡಿ.

ಇಬ್ಬರು ಎದುರಾಳಿಗಳು ಅಡ್ಡಾದಿಡ್ಡಿ ದಾಟಿ ನುಗ್ಗುವಾಗ ಅವನ ಕಣ್ಣು ಎಲ್ಲಿದೆ ಎಂಬುದನ್ನೂ ಗಮನಿಸಿ. ತನ್ನವನನ್ನು ಪಕ್ಕದ ಗಾರ್ಡ್‌ಗೆ ಒಪ್ಪಿಸಿ ಹೊಸಬನನ್ನು ತಾನು ಎದುರುಗೊಳ್ಳುವುದು ಅನುಭವದಿಂದ ಬರುವಂಥದ್ದು. ಚೆಂಡು ಹಿಡಿದು ಓಡುವವನಿಗೆ ದಾರಿ ಮಾಡುವ ತಡೆ ಸುಲಭವಾಗಿ ಕಾಣುತ್ತದೆ: ಜೋಡಿಯಾಗಿ ತಳ್ಳಿ, ಸರಿಯಾದ ಹೊತ್ತಿಗೆ ಬಿಟ್ಟು, ಎದುರಾಳಿಗಳ ಎರಡನೆಯ ಸಾಲಿನ ಲೈನ್‌ಬ್ಯಾಕರ್‌ನನ್ನು ಮುಟ್ಟಿದರೆ ಸಾಕು.

ಅಳತೆಗಳನ್ನು ಕೊನೆಗೆ ನೋಡಿ. ಡ್ರಾಫ್ಟ್‌ಗೆ ಮುನ್ನ ಆಟಗಾರರನ್ನು ಅಳೆದು ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ 225 ಪೌಂಡ್ ಬೆಂಚ್ ಪ್ರೆಸ್ ಎಷ್ಟು ಸಲ ಎತ್ತಿದನೆಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 40 ಗಜದ ಓಟದಲ್ಲಿ ಮೊದಲ 10 ಗಜ ಸಾಕು. 2018ರಲ್ಲಿ ಒರ್ಲಾಂಡೊ ಬ್ರೌನ್ ಜೂನಿಯರ್ 14 ಸಲ ಮಾತ್ರ ಎತ್ತಿ, 40 ಗಜ ಓಡಲು 5.85 ಸೆಕೆಂಡು ತೆಗೆದುಕೊಂಡು ಮೂರನೆಯ ಸುತ್ತಿಗೆ ಇಳಿದ. ಮುಂದೆ ಹಲವು ಬಾರಿ ಲೀಗ್‌ನ ಶ್ರೇಷ್ಠರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದ. ತೋಳಿನ ಉದ್ದ ಮಾತ್ರ ಸ್ಥಾನ ನಿರ್ಧರಿಸಲು ನೆರವಾಗುತ್ತದೆ. ಟ್ಯಾಕಲ್‌ಗೆ 34 ಇಂಚು ಇರಲಿ ಎಂದು ತಂಡಗಳು ಬಯಸುತ್ತವೆ. ನೋಟ್ರ್ ಡೇಮ್‌ನಲ್ಲಿ ಟ್ಯಾಕಲ್ ಆಗಿದ್ದ ಜ್ಯಾಕ್ ಮಾರ್ಟಿನ್‌ನ ತೋಳು 33 ಇಂಚು ಮುಟ್ಟಲಿಲ್ಲ. 2014ರಲ್ಲಿ ಡಲ್ಲಾಸ್ ಅವನನ್ನು 16ನೆಯ ಆಯ್ಕೆಯಾಗಿ ಪಡೆದು ಗಾರ್ಡ್ ಮಾಡಿತು. ಅವನು ತನ್ನ ಕಾಲದ ಶ್ರೇಷ್ಠ ಗಾರ್ಡ್‌ಗಳಲ್ಲಿ ಒಬ್ಬನಾದ.

ಗಾಯಗಳ ವಿವರವನ್ನು ವೈದ್ಯರಿಗೆ ಬಿಡಿ. ವರದಿ ಬರೆಯುವ ಮುನ್ನ ಒಂದು ಕೆಲಸ ಉಳಿದಿದೆ: ಒಂದೇ ಪಂದ್ಯದ ಮೊದಲ ಕ್ವಾರ್ಟರ್‌ನ ಮೂರು ಪಾಸ್ ಸ್ನ್ಯಾಪ್‌ಗಳನ್ನೂ ನಾಲ್ಕನೆಯ ಕ್ವಾರ್ಟರ್‌ನ ಮೂರನ್ನೂ ಅಕ್ಕಪಕ್ಕ ಇಟ್ಟು, ದಣಿದ ಮೇಲೆ ಆ ಹಿಮ್ಮಡಿಗಳ ನಡುವಿನ ಅಂತರ ಎಷ್ಟು ಕಿರಿದಾಗಿದೆ ಎಂದು ನೋಡಿ.