ಅಜ್ಜಿಯ ಸೋಬಾನೆ ಮತ್ತು ಹಳೇ ಟ್ಯೂನರ್ ಕಾರ್ಡು

ಅಕ್ಕನ ಮದುವೆ ಆಗಿದ್ದು 1996ರಲ್ಲಿ, ಗುಬ್ಬಿಯ ಒಂದು ಛತ್ರದಲ್ಲಿ. ಆ ದಿನದ ವಿಎಚ್‌ಎಸ್ ಟೇಪಿನಲ್ಲಿ ಅಜ್ಜಿ ಸೋಬಾನೆ ಹೇಳುತ್ತಾರೆ. ಅಜ್ಜಿಯ ದನಿ ನಮ್ಮ ಹತ್ತಿರ ಬೇರೆಲ್ಲೂ ಇಲ್ಲ. ಟೇಪು ಬೂಷ್ಟು ಹಿಡಿಯುವ ಮೊದಲೇ ಕಂಪ್ಯೂಟರಿಗೆ ಇಳಿಸೋಣ ಅಂತ ಕೂತೆ.

ತುಮಕೂರಿನ ಎಸ್.ಎಸ್. ಪುರಂ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದೆ, ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ಅದರೊಳಗೆ ಪಿಸಿಐ (ಮದರ್‌ಬೋರ್ಡಿನ ಹಳೇ ಬಗೆಯ ಸ್ಲಾಟ್) ಟಿವಿ ಟ್ಯೂನರ್ ಕಾರ್ಡು, ಅಂದರೆ ಕಂಪ್ಯೂಟರಿನಲ್ಲಿ ಟಿವಿ ನೋಡಲು ಹಾಕುವ ಕಾರ್ಡು. ಕೇಬಲ್ ಡಿಜಿಟಲ್ ಆದಮೇಲೆ ಅದರ ಟ್ಯೂನರಿಗೆ ಕೆಲಸವಿಲ್ಲ. ಆದರೆ ಹಳದಿ ಕಾಂಪೋಸಿಟ್ ಪಿನ್ನಿಗೆ ವಿಸಿಆರ್ ಜೋಡಿಸಬಹುದಲ್ವಾ?

ಜೋಡಿಸಿದೆ. ಪರದೆ ಪೂರ್ತಿ ಕಪ್ಪು. ಡಿಮೆಸೆಜ್ (ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವ ಸಂದೇಶಗಳು) ತೆಗೆದು ನೋಡಿದರೆ ಚಿಪ್ಪು ಎಸ್‌ಎಎ7130, ಬೋರ್ಡು ಮಾತ್ರ 'ಅನ್‌ನೋನ್, ಕಾರ್ಡ್=0'. ಅಂದರೆ ಡ್ರೈವರಿಗೆ (ಕಾರ್ಡನ್ನು ನಡೆಸುವ ಸಾಫ್ಟ್‌ವೇರಿಗೆ) ಚಿಪ್ಪು ಗೊತ್ತಾಗಿದೆ, ಅದು ಯಾವ ಕಾರ್ಡಿನ ಮೇಲೆ ಕೂತಿದೆ ಅಂತ ಗೊತ್ತಿಲ್ಲ. ಕಡಿಮೆ ಬೆಲೆಯ ಕಾರ್ಡುಗಳಲ್ಲಿ ಎಷ್ಟೋ ಸಲ ಗುರುತಿನ ನಂಬರೇ ಬರೆದಿರುವುದಿಲ್ಲ. ಹಾಗಾಗಿ ಯಾವ ಪಿನ್ನು ಚಿಪ್ಪಿನ ಯಾವ ಕಾಲಿಗೆ ಹೋಗಿದೆ ಎನ್ನುವುದನ್ನು ನಾವೇ ಹೇಳಬೇಕು. ಕರ್ನಲ್ ಜೊತೆ ಬರುವ ಕಾರ್ಡುಗಳ ಪಟ್ಟಿ ತೆಗೆದು ಹೋಲಿಸಿದೆ. ಮಾಡ್‌ಪ್ರೋಬ್ ಕಮಾಂಡಿನಲ್ಲಿ ಡ್ರೈವರಿನ ಮಾಡ್ಯೂಲ್ ಇಳಿಸಿ, ಬೇರೆ ನಂಬರ್ ಕೊಟ್ಟು ಮತ್ತೆ ಏರಿಸುವುದು. ಕಾರ್ಡ್=3 ಕೊಟ್ಟು ಇನ್‌ಪುಟ್ ಕಾಂಪೋಸಿಟ್‌ಗೆ, ಸ್ಟ್ಯಾಂಡರ್ಡ್ ಪಾಲ್‌ಗೆ (ನಮ್ಮ ದೇಶದ ಅನಲಾಗ್ ಟಿವಿ ಪದ್ಧತಿ) ಬದಲಿಸಿದಾಗ ಚಿತ್ರ ಬಂತು. ಆ ನಂಬರನ್ನು ಮಾಡ್‌ಪ್ರೋಬ್.ಡಿ ಫೋಲ್ಡರಿನ ಒಂದು ಫೈಲಿಗೆ ಬರೆದಿಟ್ಟೆ. ಇಲ್ಲದಿದ್ದರೆ ರೀಬೂಟ್ ಆದಮೇಲೆ ಮತ್ತೆ ಸೊನ್ನೆಯೇ.

ಹಳೇ ಮಷೀನು, ಡೆಸ್ಕ್‌ಟಾಪ್ ತೆರೆದಿದ್ದರೆ ಫ್ರೇಮುಗಳು ಬಿಟ್ಟುಹೋಗುತ್ತಿದ್ದವು. ಅದಕ್ಕೆ ಲಾಗ್‌ಔಟ್ ಮಾಡಿ, ಮಹಡಿ ಮೇಲಿನ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಒಳಗೆ ಬಂದು, ರೆಕಾರ್ಡ್ ಮಾಡುವ ಎಫ್‌ಎಫ್‌ಎಂಪೆಗ್ ಓಡಿಸಿದೆ. 'ಪರ್ಮಿಷನ್ ಡಿನೈಡ್' ಅಂತು. ಐದು ನಿಮಿಷದ ಹಿಂದೆ ಚಿತ್ರ ತೋರಿಸಿದ ಅದೇ ಡಿವೈಸು, ಅದೇ ಯೂಸರು!

ತುಂಬ ಹೊತ್ತು ತಲೆ ಕೆಡಿಸಿಕೊಂಡಿದ್ದು ಇಲ್ಲೇ. ಫೈಲಿನ ಅನುಮತಿ ತೋರಿಸುವ ಗೆಟ್‌ಎಫ್‌ಎಸಿಎಲ್ ಕಮಾಂಡು ಹಾಕಿದಾಗ ವಿಷಯ ತಿಳಿಯಿತು. ಲಿನಕ್ಸಿನಲ್ಲಿ ಈ ಕಾರ್ಡು ಕಾಣುವುದು ವಿಡಿಯೋ0 ಎಂಬ ಫೈಲಾಗಿ. ಅದರ ಮಾಲೀಕ ರೂಟ್ (ಅಡ್ಮಿನ್ ಯೂಸರ್), ಗ್ರೂಪ್ ವಿಡಿಯೋ. ಮಷೀನಿನ ಮುಂದೆ ಕೂತು ಲಾಗಿನ್ ಆದವರ ಹೆಸರನ್ನು ಸಿಸ್ಟಂಡಿ (ಲಿನಕ್ಸಿನ ಸೇವೆಗಳನ್ನು ನಡೆಸುವ ಪ್ರೋಗ್ರಾಂ) ತಾನಾಗಿಯೇ ಅನುಮತಿಗೆ ಸೇರಿಸುತ್ತದೆ, ಎದ್ದು ಹೋದರೆ ತೆಗೆಯುತ್ತದೆ. ದೂರದಿಂದ ಬಂದವರಿಗೆ ಆ ಸೌಲಭ್ಯ ಇಲ್ಲ. ನನ್ನ ಯೂಸರ್ ವಿಡಿಯೋ ಗ್ರೂಪಿನಲ್ಲಿ ಇರಲೇ ಇಲ್ಲ.

ಸುಮ್ನೆ ಸಿಎಚ್‌ಮಾಡ್ 666 ಹೊಡೆದು ಎಲ್ಲರಿಗೂ ಅನುಮತಿ ಕೊಟ್ಟರೂ ಕೆಲಸ ಆಗುತ್ತದೆ, ಆದರೆ ಮುಂದಿನ ಬೂಟ್‌ನಲ್ಲಿ ಯೂಡೆವ್ (ಡಿವೈಸ್ ಫೈಲುಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಆ ಫೈಲನ್ನು ಹೊಸದಾಗಿ ಮಾಡುತ್ತದೆ, ಅನುಮತಿ ಮತ್ತೆ ಮೊದಲಿನಂತೆಯೇ. ಸರಿಯಾದ ದಾರಿ ಯೂಸರ್‌ಮಾಡ್ ಕಮಾಂಡಿನಿಂದ ನನ್ನ ಹೆಸರನ್ನು ವಿಡಿಯೋ ಗ್ರೂಪಿಗೆ ಸೇರಿಸುವುದು. ಅದರಲ್ಲಿ ದೊಡ್ಡ ಜಿಗೆ ಮೊದಲು ಚಿಕ್ಕ ಎ ಇರಲೇಬೇಕು, ಮರೆತರೆ ಸುಡೋ (ಅಡ್ಮಿನ್ ಹಕ್ಕು ಕೊಡುವ ಗ್ರೂಪು) ಸಮೇತ ಬೇರೆ ಗ್ರೂಪುಗಳಿಂದ ಹೆಸರು ಹೋಗುತ್ತದೆ. ಆಮೇಲೆ ಹೊರಗೆ ಹೋಗಿ ಮತ್ತೆ ಲಾಗಿನ್ ಆಗಬೇಕು.

ಚಿತ್ರ ಬಂತು, ಸದ್ದಿಲ್ಲ. 7130 ಚಿಪ್ಪು ಧ್ವನಿಯನ್ನು ಪಿಸಿಐ ಮೂಲಕ ಕೊಡುವುದಿಲ್ಲ. ವಿಸಿಆರ್‌ನ ಆಡಿಯೋ ವೈರನ್ನು ನೇರ ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಸಿಕ್ಕಿಸಿದೆ. ಅಲ್ಲೂ ಅದೇ ತಡೆ. ಆಡಿಯೋ ಗ್ರೂಪಿಗೂ ಹೆಸರು ಸೇರಿಸಿದೆ.

ಕೆಳಗೆ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ರೆಕಾರ್ಡ್ ಆದ ಫೈಲನ್ನು ಲ್ಯಾಪ್‌ಟಾಪಿನಲ್ಲಿ ತಂದು ಹಾಕಿದೆ. ಸೋಬಾನೆಯ ಮೊದಲ ಸಾಲಿಗೇ ಅವರ ಕೈ ನಿಂತಿತು. "ಅಮ್ಮನ ದನಿ ಕಣೋ, ಸ್ವಲ್ಪ ಜೋರು ಮಾಡು" ಅಂದರು.